ಪದಚರ್ಚೆ: ಲೇಸರ್ ಯಂತ್ರದ ಎಚ್ಚರಿಕೆ ಹಾಳೆಯಲ್ಲಿ ‘ವಿಕಿರಣ’, ‘ಅವಕೆಂಪು’, ‘ಹೊತ್ತು’

ಮಾನ್ಯರೇ,

ಪ್ಲೈವುಡ್ ಮತ್ತು ಅಕ್ರಿಲಿಕ್ ಹಾಳೆಗಳನ್ನು ಕತ್ತರಿಸಿ ನಾಮಫಲಕ, ಆಟಿಕೆಯ ಬಿಡಿಭಾಗ, ದೀಪದ ಗೂಡು ಮುಂತಾದವನ್ನು ತಯಾರಿಸುವ ಒಂದು ಸಣ್ಣ ಕಾರ್ಯಾಗಾರದಲ್ಲಿ ಹೊಸಬರಿಗೆ ಲೇಸರ್ ಯಂತ್ರ ನಡೆಸುವುದನ್ನು ಕಲಿಸುತ್ತಿದ್ದೇನೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಯಂತ್ರದ ಪಕ್ಕದ ಗೋಡೆಗೆ ಅಂಟಿಸಲು ಒಂದು ಪುಟದ ಎಚ್ಚರಿಕೆ ಹಾಳೆಯನ್ನು ಕನ್ನಡದಲ್ಲಿ ಬರೆದು, ಅದನ್ನು ಇಟ್ಟುಕೊಂಡು ಎರಡು ತಂಡಗಳಿಗೆ ಪಾಠ ಮಾಡಿದ ಮೇಲೆ, ನಾನು ಬಳಸಿದ ಕೆಲವು ಪದಗಳು ಕೇಳಿದವರನ್ನು ಬೇರೆಯೇ ಕಡೆಗೆ ಕರೆದೊಯ್ದಿವೆ ಎಂಬುದು ತಿಳಿಯಿತು. ಅಂತಹ ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ‘ವಿಕಿರಣ’. ಅತಿ ಹೆಚ್ಚು ಅಪಾಯಕಾರಿ ಎನಿಸಿದ 4ನೇ ವರ್ಗದ ಲೇಸರ್‌ಗಳಿಗೆ ಅಂಟಿಸುವ ಹಳದಿ ಪಟ್ಟಿಯ ಇಂಗ್ಲಿಷ್ ಸೂಚನೆಯನ್ನು ನಾನು ‘ನೇರ ಅಥವಾ ಚದುರಿದ ವಿಕಿರಣವು ಕಣ್ಣಿಗಾಗಲಿ ಚರ್ಮಕ್ಕಾಗಲಿ ತಾಗದಿರಲಿ’ ಎಂದು ಕನ್ನಡಿಸಿದ್ದೆ. ಅದನ್ನು ಓದಿದ ಒಬ್ಬ ಹುಡುಗಿ ಯಂತ್ರ ಚಾಲೂ ಆದ ಕೂಡಲೇ ಬಾಗಿಲ ಬಳಿ ಹೋಗಿ ನಿಂತಳು. ಕಾರಣ ಕೇಳಿದರೆ ಮೊದಲು ಹೇಳಲಿಲ್ಲ; ಉಳಿದವರು ಊಟಕ್ಕೆ ಹೋದ ಮೇಲೆ ಹತ್ತಿರ ಬಂದು, “ನಂಗೆ ಮದುವೆ ಗೊತ್ತಾಗಿದೆ ಸರ್, ಮುಂದೆ ಮಕ್ಕಳಾಗೋಕೆ ತೊಂದರೆ ಆಗಲ್ವಾ?” ಎಂದು ಕೇಳಿದಳು. ಅಣುಸ್ಥಾವರ, ಎಕ್ಸ್‌ರೇ ಕೋಣೆ, ಕ್ಯಾನ್ಸರ್ ಚಿಕಿತ್ಸೆಗಳ ಸುದ್ದಿಯಲ್ಲೇ ನಮ್ಮ ಪತ್ರಿಕೆಗಳು ಈ ಪದವನ್ನು ಬಳಸುತ್ತ ಬಂದಿರುವುದರಿಂದ ಅವಳ ಭಯದಲ್ಲಿ ತಪ್ಪೇನೂ ಇರಲಿಲ್ಲ, ತಪ್ಪು ನನ್ನ ಹಾಳೆಯದು. ಎಕ್ಸ್‌ರೇ ಮತ್ತು ಗಾಮಾ ಕಿರಣಗಳು ದೇಹದೊಳಗಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹಾನಿ ಮಾಡುತ್ತವೆ; ನಮ್ಮ ಯಂತ್ರದ ಕಿರಣಕ್ಕೆ ಆ ಶಕ್ತಿಯಿಲ್ಲ, ಅದು ತಾಗಿದ ಜಾಗವನ್ನು ಸುಡುತ್ತದೆ, ಅಷ್ಟೇ. 1957ರಲ್ಲಿ ಅಮೆರಿಕದ ಭೌತವಿಜ್ಞಾನಿ ಗಾರ್ಡನ್ ಗೌಲ್ಡ್ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದ ‘ಲೇಸರ್’ (LASER) ಎಂಬ ಹೆಸರಿನ ಕೊನೆಯ ಅಕ್ಷರ R ಸೂಚಿಸುವುದೂ ಇದೇ ವಿಕಿರಣವನ್ನೇ (ರೇಡಿಯೇಷನ್), ಆದರೆ ಅಲ್ಲಿ ಅದರ ಅರ್ಥ ಹೊಮ್ಮುವ ಬೆಳಕು ಎಂದಷ್ಟೇ.

ಪದದ ಮೂಲಕ್ಕೆ ಹೋದರೆ, ‘ಕಿರಣ’ ಮತ್ತು ‘ವಿಕಿರಣ’ ಎರಡೂ ಚೆಲ್ಲು, ಚದುರಿಸು ಎಂಬ ಅರ್ಥದ ಸಂಸ್ಕೃತದ ‘ಕೄ’ ಧಾತುವಿನಿಂದ ಬಂದವು, ‘ವಿಕೀರ್ಣ’ ಎಂದರೆ ಚದುರಿದ್ದು ಎಂದೇ ಅರ್ಥ. ಹಾಗಾಗಿ ‘ಚದುರಿದ ವಿಕಿರಣ’ ಎಂಬಲ್ಲಿ ಒಂದೇ ಮಾತನ್ನು ಎರಡು ಸಲ ಹೇಳಿದಂತಾಯಿತು. ಇಷ್ಟಾದರೂ, ಹೊಳೆಯುವ ಲೋಹದ ತುಂಡಿಗೆ ತಾಗಿ ಕಿರಣ ಎತ್ತ ಬೇಕಾದರೂ ಹಾರಬಹುದು ಎಂಬ ಮುಖ್ಯ ಸಂಗತಿ ಓದುಗರ ಕಣ್ಣಿಗೆ ಕಟ್ಟಲಿಲ್ಲ. ‘ಪ್ರತಿಫಲಿತ’ ಎಂದರೆ ಕನ್ನಡಿ ಮಾತ್ರ ನೆನಪಾಗುತ್ತದೆ. ಈಗ ‘ತಾಗಿ ಚಿಮ್ಮಿದ ಕಿರಣ’ ಎಂದು ತಿದ್ದಿದ್ದೇನೆ. ನೀರು ಕಲ್ಲಿಗೆ ತಾಗಿ ಚಿಮ್ಮುವುದನ್ನು ಎಲ್ಲರೂ ಬಲ್ಲರು. ಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಆಕ್ಷೇಪ ಇದ್ದರೆ ದಯವಿಟ್ಟು ತಿಳಿಸಿ.

ಎರಡನೆಯದು ‘ಅವಕೆಂಪು’, ಅಂದರೆ ಇಂಗ್ಲಿಷಿನ ಇನ್‌ಫ್ರಾರೆಡ್, ಮತ್ತು ಇದು ನನ್ನನ್ನು ಹೆಚ್ಚು ಕಾಡಿದ ಪದ. ನಮ್ಮದು ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಭಾರತ ಮೂಲದ ವಿಜ್ಞಾನಿ ಕುಮಾರ್ ಪಟೇಲ್ ಅವರು ರೂಪಿಸಿದ ಬಗೆಯದು. ಅದರ ಕಿರಣದ ತರಂಗದೂರ ಸುಮಾರು 10,600 ನ್ಯಾನೋಮೀಟರ್; ನಮ್ಮ ಕಣ್ಣಿಗೆ ಕಾಣುವ ಬೆಳಕು ಹೆಚ್ಚುಕಡಿಮೆ 400ರಿಂದ 700ರೊಳಗೆ ಮುಗಿದುಹೋಗುತ್ತದೆ. ಅಂದರೆ ಕತ್ತರಿಸುವ ಕಿರಣ ಯಾರಿಗೂ ಕಾಣುವುದಿಲ್ಲ. ಕಾಣದ ಕಿರಣ ಎಲ್ಲಿ ಬೀಳುತ್ತದೆಂದು ತೋರಿಸಲು ಯಂತ್ರದಲ್ಲಿ ಬೇರೆಯೇ ಒಂದು ಪುಟ್ಟ ಕೆಂಪು ದೀಪವಿದೆ. ‘ಇದು ಅವಕೆಂಪು ಲೇಸರ್’ ಎಂದು ನಾನು ಹೇಳಿ ಮುಗಿಸಿದ್ದೆನಷ್ಟೇ, ಒಬ್ಬ ಹುಡುಗ ಹಲಗೆಯ ಮೇಲಿದ್ದ ಆ ಕೆಂಪು ಚುಕ್ಕೆಯ ಕೆಳಗೆ ಅಂಗೈ ಚಾಚಿ, “ಏನೂ ಬಿಸಿನೇ ಇಲ್ವಲ್ಲ ಸರ್” ಎಂದ. ಮುಚ್ಚಳ ತೆರೆದಿತ್ತು, ಕತ್ತರಿಸುವ ಕಿರಣ ನಿಂತಿತ್ತು, ಅನಾಹುತವಾಗಲಿಲ್ಲ. ಪದದೊಳಗೇ ‘ಕೆಂಪು’ ಕುಳಿತಿರುವಾಗ ಕಣ್ಣೆದುರಿನ ಕೆಂಪನ್ನೇ ಅದು ಎಂದುಕೊಂಡದ್ದು ಸಹಜ. ಕೆಲವರು ಬರೆಯುವ ‘ಅತಿಗೆಂಪು’ ಇನ್ನೂ ಕೆಟ್ಟದು. ಅದು ಕಡುಗೆಂಪು ಎಂದೇ ಕಿವಿಗೆ ಬೀಳುತ್ತದೆ. ಪಠ್ಯಪುಸ್ತಕದಲ್ಲಿ ‘ಅವಕೆಂಪು’ ಇರಲಿ, ನನ್ನ ತಕರಾರಿಲ್ಲ. ಆದರೆ ಕಾರ್ಯಾಗಾರದ ಗೋಡೆಯ ಮೇಲೆ ‘ಕಾಣದ ಕಿರಣ’ ಮತ್ತು ‘ಗುರುತಿನ ಚುಕ್ಕೆ’ ಎಂಬ ಜೋಡಿಯೇ ಇರಬೇಕೆಂದು ನಿರ್ಧರಿಸಿದ್ದೇನೆ. ಗುರುತಿನ ಚುಕ್ಕೆಯ ದೀಪವನ್ನೂ ದಿಟ್ಟಿಸಿ ನೋಡಬಾರದು ಎಂಬ ಸಾಲು ಅದರ ಜೊತೆಗಿದೆ.

‘ಇಂಟರ್‌ಲಾಕ್’ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದನ್ನು ಎಲ್ಲರೂ ಬೀಗ ಎಂದುಕೊಂಡರು, ಮುಚ್ಚಳ ತೆರೆದರೆ ಕಿರಣ ತಾನಾಗಿ ನಿಲ್ಲುವ ಏರ್ಪಾಡು ಎಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ರಿಪೇರಿಯವರು ಹೇಳುವ ‘ಡೋರ್ ಸ್ವಿಚ್’ ಎಲ್ಲರಿಗೂ ಅರ್ಥವಾಯಿತು, ಅದನ್ನೇ ಉಳಿಸಿಕೊಂಡಿದ್ದೇನೆ.

ಹೊಗೆಗೆ ಸಂಬಂಧಿಸಿದಂತೆ ನಮ್ಮ ಭಾಷೆ ಶ್ರೀಮಂತವಾಗಿದೆ: ಹೊಗೆ, ಹಬೆ, ಆವಿ, ಕಮಟು, ಘಾಟು. ಬಾಗಿಲ ಬಳಿ ನಿಂತಿದ್ದಳಲ್ಲ, ಅದೇ ಹುಡುಗಿ ಮುಂದಿನ ವಾರ ಕೈಚೀಲಕ್ಕೆಂದು ಒಂದು ಮೊಳ ರೆಕ್ಸಿನ್ ತಂದು, “ಇದು ಲೆದರ್ ಸರ್, ಕಟ್ ಮಾಡಬಹುದಲ್ವಾ?” ಎಂದು ನೇರವಾಗಿ ಯಂತ್ರದೊಳಗೆ ಹಾಸತೊಡಗಿದಳು. ರೆಕ್ಸಿನ್ ಎಂದು ಮಾರುವುದು ಸಾಮಾನ್ಯವಾಗಿ ಪಿವಿಸಿ ಎಂಬ ಕ್ಲೋರಿನ್ ಇರುವ ಪ್ಲಾಸ್ಟಿಕ್ ಬಳಿದ ಬಟ್ಟೆ. ವಿನೈಲ್ ಸ್ಟಿಕ್ಕರ್ ಕೂಡ ಪಿವಿಸಿಯೇ. ಅದನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಟು ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ, ಯಂತ್ರದ ಲೋಹವನ್ನೂ ತಿನ್ನುತ್ತದೆ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ರೆಕ್ಸಿನ್‌ಗೆ ಒತ್ತಿ, ತಂತಿಯನ್ನು ಕಿಟಕಿಯ ಬಳಿ ಮತ್ತೆ ಜ್ವಾಲೆಗೆ ಹಿಡಿದೆ. ಜ್ವಾಲೆ ಹಚ್ಚಹಸಿರಾಯಿತು. ಕ್ಲೋರಿನ್ ಇರುವುದಕ್ಕೆ ಅದೇ ಗುರುತು. ಅವಳು ರೆಕ್ಸಿನ್ ಮಡಚಿ ಚೀಲಕ್ಕೆ ಹಾಕಿಕೊಂಡಳು. ಭಯಪಡಬೇಕಾಗಿಲ್ಲದ ಕಡೆ ಭಯಪಡಿಸಿ, ಪಡಬೇಕಾದ ಕಡೆ ಸುಮ್ಮನಿದ್ದ ನನ್ನ ಹಾಳೆಯನ್ನು ಅಂದೇ ಗೋಡೆಯಿಂದ ತೆಗೆದೆ. ಹಳೆಯ ಹಾಳೆಯಲ್ಲಿ ‘ವಿಷಾನಿಲ’ ಎಂದಿತ್ತು. ಈಗ ‘ಮೂಗಿಗೆ ಘಾಟು ಬಡಿಯುವ ಮೊದಲೇ ಎಚ್ಚರ: ರೆಕ್ಸಿನ್, ವಿನೈಲ್, ಪಿವಿಸಿ ಹಾಕಲೇಬಾರದು’ ಎಂದು ಬರೆದಿದ್ದೇನೆ. ಮೆಣಸಿನಕಾಯಿ ಒಗ್ಗರಣೆಗೂ ‘ಘಾಟು’ ಎನ್ನುವುದರಿಂದ ಪದ ಹಗುರಾಯಿತೇ ಎಂಬ ಅನುಮಾನ ಮಾತ್ರ ಉಳಿದಿದೆ.

ಕೊನೆಯದು, ನಿಮ್ಮ ಸಹಾಯ ನಿಜಕ್ಕೂ ಬೇಕಿರುವ ಜಾಗ. ಲೇಸರ್ ಸುಟ್ಟೇ ಕತ್ತರಿಸುವುದರಿಂದ ಮರದ ಅಂಚು ಕಂದಾಗುವುದು, ಕರಕಾಗುವುದು ಸಹಜ. ಆದರೆ ಜ್ವಾಲೆ ಎದ್ದು, ಕಿರಣ ಮುಂದೆ ಸರಿದ ಮೇಲೂ ಆರದೆ ಉಳಿದರೆ ಆ ಕ್ಷಣವೇ ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಒತ್ತಬೇಕು. ಈ ಎರಡರ ನಡುವಿನ ಗೆರೆಯನ್ನು ತೋರಿಸಲು ನಾನು ‘ಸೀದರೆ ಪರವಾಗಿಲ್ಲ, ಹೊತ್ತಿದರೆ ನಿಲ್ಲಿಸಿ’ ಎಂದು ಬರೆದೆ. ನಾನು ಬೆಳೆದ ಮೈಸೂರು ಕಡೆಯ ಮಾತಿನಲ್ಲಿ ಇದು ಸ್ಪಷ್ಟ. ಹುಬ್ಬಳ್ಳಿಯಿಂದ ಬಂದ ಹುಡುಗನೊಬ್ಬ ಅಂಚು ತುಸು ಕಪ್ಪಾದಾಗಲೆಲ್ಲ “ಹೊತ್ತೈತ್ರೀ ಸರ್” ಎಂದು ಯಂತ್ರ ನಿಲ್ಲಿಸುತ್ತಿದ್ದ. ಅವನ ಮನೆಯಲ್ಲಿ ತಳ ಹಿಡಿದ ಅನ್ನವೂ ‘ಹೊತ್ತಿದ’ ಅನ್ನವೇ. ಅವನು ನಿಲ್ಲಿಸಿದ್ದರಿಂದ ಒಂದೆರಡು ಹಲಗೆ ಹಾಳಾದವು, ಅಷ್ಟೇ. ಆದರೆ ಇದೇ ಗೊಂದಲ ತಿರುಗುಮುರುಗಾಗಿ, ನಿಜವಾದ ಬೆಂಕಿಯನ್ನು ಯಾರಾದರೂ ‘ಸ್ವಲ್ಪ ಹೊತ್ತಿದೆ’ ಎಂದು ಬಿಟ್ಟುಬಿಟ್ಟರೆ ಏನಾಗಬಹುದೆಂದು ಯೋಚಿಸಿ ನನಗೆ ನಿದ್ದೆ ಬರಲಿಲ್ಲ.

‘ಉರಿ ಎದ್ದರೆ ನಿಲ್ಲಿಸಿ’ ಎಂಬುದನ್ನು ಈಗ ಪರಿಶೀಲಿಸುತ್ತಿದ್ದೇನೆ. ಇದಕ್ಕೂ ಕಣ್ಣುರಿ, ಎದೆಯುರಿಯ ಅರ್ಥ ಅಂಟಿಕೊಂಡಿದೆ. ಕರಾವಳಿ, ಮಲೆನಾಡು, ಕಲಬುರಗಿ, ಕೋಲಾರದ ಕಡೆಗಳಲ್ಲಿ ಬರೀ ಕರಕಾಗುವುದಕ್ಕೆ ಏನನ್ನುತ್ತಾರೆ, ಬೆಂಕಿ ಹಿಡಿದು ಜ್ವಾಲೆ ಏಳುವುದಕ್ಕೆ ಏನನ್ನುತ್ತಾರೆ, ಎರಡಕ್ಕೂ ಒಂದೇ ಪದವಿರುವ ಊರುಗಳು ಇನ್ನೆಲ್ಲಿವೆ ಎಂಬುದನ್ನು ನಿಮ್ಮ ಮನೆಮಾತಿನಲ್ಲಿರುವಂತೆಯೇ ತಿಳಿಸಿದರೆ ಉಪಕಾರವಾಗುತ್ತದೆ. ಮುಂದಿನ ತಂಡ ಬರುವ ಸೋಮವಾರ ಕಲಿಕೆ ಆರಂಭಿಸುತ್ತದೆ; ಅಷ್ಟರೊಳಗೆ ಹಾಳೆಯ ಆ ಒಂದು ಸಾಲನ್ನು ಸರಿಪಡಿಸಿ ಗೋಡೆಗೆ ಅಂಟಿಸಬೇಕಾಗಿದೆ.