ಹಳೆಯ ವಿಂಚೆಸ್ಟರ್ 94: ಚಳಿಯ ಬೆಳಗಿನಲ್ಲಿ ಕೋವಿಯ ಕುದುರೆ (ಹ್ಯಾಮರ್) ಬೀಳುತ್ತದೆ, ಈಡು ಹಾರುವುದಿಲ್ಲ

ಕೊಡಗಿನ ಕೋವಿ, ಥಂಡರ್ ಬೇ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಡೆದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಕಾರಣ ತಿಳಿಯದೆ ಮತ್ತೆ ಕ್ಯಾನೂ (ಹುಟ್ಟು ಹಾಕುವ ಹಗುರ ದೋಣಿ) ನೀರಿಗಿಳಿಸಲು ಮನಸ್ಸಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ನಾನು ಸೋಮವಾರಪೇಟೆಯ ಕಡೆಯವನು. ಕೈಲ್ ಪೊಳ್ದ್ ದಿನ ಕೋವಿಯನ್ನು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವ ಮನೆಯಲ್ಲಿ ಬೆಳೆದೆ. ಆದರೆ 1972ರ ವನ್ಯಜೀವಿ ಕಾಯ್ದೆಯ ನಂತರ ಹುಟ್ಟಿದ ನಮಗೆ ಊರಿನಲ್ಲಿ ಕೋವಿ ಇತ್ತು, ಬೇಟೆ ಇರಲಿಲ್ಲ. ಬೇಟೆ ಕಲಿತದ್ದು ಇಲ್ಲಿ ಕೆನಡಾದಲ್ಲಿಯೇ, ಒಂಟಾರಿಯೊದ ತರಬೇತಿ ಮುಗಿಸಿ ಪರವಾನಗಿ ಪಡೆದ ಮೇಲೆ.

ಕೋವಿ ವಿಂಚೆಸ್ಟರ್ ಮಾಡೆಲ್ 94, .30-30 ತೋಟಾ ಹಾರಿಸುವ ಕಾರ್ಬೈನ್ (ಗಿಡ್ಡ ನಳಿಗೆಯದು), 1964ಕ್ಕೆ ಮೊದಲಿನದು. ಬೇಟೆ ನಿಲ್ಲಿಸಿದ ಒಬ್ಬ ಹಿರಿಯರಿಂದ ಎರಡು ವರ್ಷದ ಹಿಂದೆ ಕೊಂಡದ್ದು. ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ತೋಟಾ ಹಾರಿಸಿದ್ದೇನೆ, ಒಂದೂ ಕೈಕೊಟ್ಟಿರಲಿಲ್ಲ.

ಕ್ಯಾನೂವಿನಲ್ಲಿ ಮೂಸ್ (ಉತ್ತರದ ದೈತ್ಯ ಜಿಂಕೆ) ಬೇಟೆಗೆ ಹೋದ ಮೂರನೆಯ ಬೆಳಗ್ಗೆ ಮೈನಸ್ 7 ಇತ್ತು. ಕೊಲ್ಲಿಯ ಅಂಚಿನಲ್ಲಿ ಕನ್ನಡಿಯಷ್ಟು ತೆಳ್ಳಗಿನ ಮಂಜುಗಡ್ಡೆ. ಕ್ಯಾನೂವನ್ನು ಜೊಂಡಿನ ದಡಕ್ಕೆ ಹತ್ತಿಸಿ ಇಳಿದು ಕುಳಿತೆವು. ಜೊತೆಗಿದ್ದ ಫಿನ್‌ಲೆಂಡ್ ಮೂಲದ ನೆರೆಮನೆಯ ಹಿರಿಯರು ಬರ್ಚ್ ತೊಗಟೆಯ ಕಹಳೆಯಲ್ಲಿ ಹೆಣ್ಣು ಮೂಸ್‌ನಂತೆ ನರಳಿದರು. ಆಮೇಲೆ ಅದೇ ಕಹಳೆಯಲ್ಲಿ ನೀರು ತುಂಬಿ, ಹೆಣ್ಣು ನೀರಿನಲ್ಲಿ ನಿಂತು ಮೂತ್ರ ಮಾಡುವ ಸದ್ದು ಬರುವಂತೆ ಮೇಲಿನಿಂದ ಸುರಿದರು. ಮುಕ್ಕಾಲು ಗಂಟೆಯ ನಂತರ ಆಚೆ ದಡದ ಪೊದೆಯಲ್ಲಿ ಕೊಂಬೆ ಮುರಿಯುವ ಸದ್ದು, ಒಂದು ಗಂಟಲ ಸ್ವರ, ಆಮೇಲೆ ಗಂಡು. ನಮ್ಮ ಕಡವೆಯನ್ನು ಕಂಡ ಕಣ್ಣಿಗೆ ಅದು ಪ್ರಾಣಿಯೆಂದೇ ಅನ್ನಿಸಲಿಲ್ಲ, ಮರದ ಗುಂಪೊಂದು ನಡೆದು ಬಂದಂತಿತ್ತು. ಅರವತ್ತು ಮೀಟರ್, ಪೂರ್ತಿ ಅಡ್ಡವಾಗಿ ನಿಂತಿತ್ತು. ಟ್ರಿಗರ್ ಒತ್ತಿದೆ. ‘ಟಿಕ್’ ಅಷ್ಟೇ. ಲೀವರ್ ಎಳೆದು ಎರಡನೆಯದನ್ನು ಹಾಕಿದೆ. ಮತ್ತೆ ‘ಟಿಕ್’. ಅದು ತಲೆಯೆತ್ತಿ ನಮ್ಮ ಕಡೆ ನೋಡಿ, ಬಂದಷ್ಟೇ ನಿಧಾನವಾಗಿ ಹೋಯಿತು.

ಮಧ್ಯಾಹ್ನ ಬಿಸಿಲಿನಲ್ಲಿ ಅದೇ ಪೆಟ್ಟಿಗೆಯ ತೋಟಾವನ್ನು ಮಣ್ಣಿನ ದಿಬ್ಬಕ್ಕೆ ಹೊಡೆದರೆ ಸರಿಯಾಗಿ ಹಾರಿತು. ಏನಾಗಿರಬಹುದು?

ವಿನ್ನಿಪೆಗ್ ಮಲೆನಾಡಿಗ

ಓದಿ ಬೇಸರವಾಯಿತು ಅಣ್ಣ. ನನ್ನ ಅನುಮಾನ ತೋಟಾಗಳ ಮೇಲೆ. ಕ್ಯಾನೂವಿನಲ್ಲಿ ನೀರು ತಾಗಿ ಪ್ರೈಮರ್ (ತೋಟಾದ ತಳದಲ್ಲಿ ಪೆಟ್ಟಿಗೆ ಕಿಡಿ ಹಾರಿಸುವ ಬಿಲ್ಲೆ) ಕೆಟ್ಟಿರಬಹುದು. ಹೊಸ ಪೆಟ್ಟಿಗೆ ತಂದು ನೋಡಿ.

ಸಡ್ಬರಿ ಹಳೆಕೋವಿ

ತೋಟಾ ಬದಲಿಸುವ ಮೊದಲು ನನಗೆ ಮೂರು ಮಾತು ತಿಳಿಯಬೇಕು. ಟ್ರಿಗರ್ ಒತ್ತಿದಾಗ ಕುದುರೆ ನಿಜವಾಗಿ ಬಿತ್ತೇ, ಅಥವಾ ಟ್ರಿಗರ್ ಅಲುಗದೆ ನಿಂತಿತೇ? ಹಾರದ ಎರಡು ತೋಟಾಗಳ ಪ್ರೈಮರಿನ ಮೇಲೆ ಪೆಟ್ಟಿನ ಗುಳಿ ಎಷ್ಟು ಆಳವಿದೆ? ರಾತ್ರಿ ಕೋವಿಯನ್ನು ಎಲ್ಲಿ ಇಡುತ್ತಿದ್ದಿರಿ, ಎಣ್ಣೆ ಯಾವಾಗ ಹಾಕಿದಿರಿ?

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಈಡು ಹಾರದಿದ್ದಾಗ ಕೂಡಲೇ ಲೀವರ್ ಎಳೆಯಬೇಡಿ. ತಡವಾಗಿ ಸಿಡಿಯುವ ತೋಟಾಗಳೂ ಇರುತ್ತವೆ. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಎದುರಿಗೆ ಮೂಸ್ ನಿಂತಿರುವಾಗ ಅದು ಕಷ್ಟ, ನನಗೆ ಗೊತ್ತು. ಆದರೂ ಕಾಯಬೇಕು.

ಕೊಡಗಿನ ಕೋವಿ

ಕಾಯದೆ ಎಳೆದದ್ದು ನನ್ನ ತಪ್ಪು ಸರ್, ಒಪ್ಪುತ್ತೇನೆ.

ಕುದುರೆ ಬಿದ್ದಿತು, ಅದರಲ್ಲಿ ಅನುಮಾನವಿಲ್ಲ. ಗುಳಿ ಉಗುರಿನಿಂದ ತಡವಿದರೆ ಮಾತ್ರ ತಿಳಿಯುವಷ್ಟು. ಮಧ್ಯಾಹ್ನ ಹಾರಿದ ತೋಟಾದಲ್ಲಿ ಆಳವಾದ ದುಂಡು ಗುಳಿ ಇದೆ.

ರಾತ್ರಿ ಕೋವಿ ಗುಡಾರದೊಳಗೆ, ಒಲೆಯಿಂದ ಎರಡು ಮಾರು ದೂರದಲ್ಲಿ ಇರುತ್ತಿತ್ತು. ಹಗಲು ಕ್ಯಾನೂವಿನ ತಳದಲ್ಲಿ. ಎಣ್ಣೆಯ ವಿಷಯಕ್ಕೆ ಬಂದರೆ, ಮುಂಗಾರಿನ ತಿಂಗಳುಗಳಲ್ಲಿ ಎಣ್ಣೆ ಕಾಣದ ಕೋವಿ ದೀಪಾವಳಿಗೆ ತುಕ್ಕಾಗುತ್ತದೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಅದೇ ಅಭ್ಯಾಸ. ನೀರಿನ ತೇವಕ್ಕೆ ಹೆದರಿ ದಿನಾ ಸಂಜೆ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡು) ತೆರೆದು ಒಳಗೆ ಎಣ್ಣೆ ಬಿಡುತ್ತಿದ್ದೆ.

ಸಡ್ಬರಿ ಹಳೆಕೋವಿ

ನಿಮ್ಮ ಉತ್ತರದಲ್ಲಿಯೇ ಕಾರಣ ಇದೆ. ಅಜ್ಜನ ಮಾತು ಕೊಡಗಿನ ಮಳೆಗೆ ಸರಿ, ಒಂಟಾರಿಯೊದ ಹಿಮಕ್ಕೆ ಅಲ್ಲ.

ಮಾಡೆಲ್ 94ರಲ್ಲಿ ಲೀವರ್ ಪೂರ್ತಿ ಮುಚ್ಚಿ ಹಿಡಿಗೆ ಒತ್ತದ ಹೊರತು ಟ್ರಿಗರ್ ಕೆಲಸ ಮಾಡದಂತೆ ಒಂದು ತಡೆ ಇದೆ. ಕುದುರೆ ಬಿದ್ದಿದೆ ಎಂದರೆ ಲೀವರ್ ಮುಚ್ಚಿತ್ತು. ದಪ್ಪ ಕೈಗವಸಿನಿಂದ ಆಗುವ ಸಾಮಾನ್ಯ ತೊಂದರೆ ಇದಲ್ಲ. ಪ್ರೈಮರ್ ನೀರಿನಿಂದ ಕೆಟ್ಟಿದ್ದರೆ ಗುಳಿ ಆಳವಾಗಿಯೇ ಇರುತ್ತಿತ್ತು, ಈಡು ಮಾತ್ರ ಹಾರುತ್ತಿರಲಿಲ್ಲ. ಆದ್ದರಿಂದ ತೋಟಾವನ್ನೂ ಬಿಡಿ. ಉಳಿದದ್ದು ಒಂದೇ, ಕುದುರೆಯ ಪೆಟ್ಟು ಪ್ರೈಮರಿಗೆ ತಲುಪುವ ಮೊದಲೇ ದಾರಿಯಲ್ಲಿ ಸೋತಿದೆ.

ಆ ದಾರಿ ಹೇಗಿದೆ ಎಂದರೆ, ಈ ಕೋವಿಯಲ್ಲಿ ಕುದುರೆ ನೇರವಾಗಿ, ಪ್ರೈಮರಿಗೆ ಕುಟ್ಟುವ ಫೈರಿಂಗ್ ಪಿನ್ನಿಗೆ ಹೊಡೆಯುವುದಿಲ್ಲ. ಬೋಲ್ಟಿನ ಹಿಂದೆ ಕೆಳಗಿನಿಂದ ಮೇಲೇರಿ ಬೀಗದಂತೆ ನಿಲ್ಲುವ ಉಕ್ಕಿನ ದಿಂಡು ಇದೆಯಲ್ಲ, ಅದರೊಳಗೆ ಒಂದು ಪುಟ್ಟ ಸ್ಟ್ರೈಕರ್ ಕೂತಿರುತ್ತದೆ. ಕುದುರೆ ಅದಕ್ಕೆ ಹೊಡೆಯುತ್ತದೆ, ಅದು ಬೋಲ್ಟಿನೊಳಗಿನ ಉದ್ದ ಪಿನ್ನಿಗೆ ಹೊಡೆಯುತ್ತದೆ. ಎರಡು ತುಂಡುಗಳೂ ಸಡಿಲವಾಗಿ ಜಾರಬೇಕು. ಹಿಂದಿನ ಯಜಮಾನರು ದಶಕಗಳ ಕಾಲ ಬಿಟ್ಟ ಎಣ್ಣೆ ಅಲ್ಲಿ ಒಣಗಿ ಅಂಟಾಗಿರುತ್ತದೆ. ಅದರ ಮೇಲೆ ನಿಮ್ಮದು. ಅದರ ಮೇಲೆ ಗುಡಾರದ ತೇವ: ತಣ್ಣಗಿನ ಉಕ್ಕನ್ನು ಬೆಚ್ಚಗಿನ ಗುಡಾರಕ್ಕೆ ತಂದರೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯಂತೆ ಬೆವರುತ್ತದೆ. ಬೆಳಗ್ಗೆ ಹೊರಗೆ ಒಯ್ದಾಗ ಆ ಬೆವರು ಒಳಗೇ ಹೆಪ್ಪುಗಟ್ಟುತ್ತದೆ. ಬಿಸಿಲೇರಿದಾಗ ಕರಗುತ್ತದೆ. ಬೇಸಿಗೆಯಲ್ಲಿ ಏಕೆ ಎಲ್ಲವೂ ಸರಿ ಇತ್ತು ಎಂಬುದಕ್ಕೂ ಇದೇ ಉತ್ತರ.

ಸ್ವಚ್ಛ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಕೋವಿ ಖಾಲಿಯೆಂದು ಎರಡು ಸಲ ನೋಡಿ. ನಳಿಗೆಯ ಕೆಳಗಿನ ಕೊಳವೆ ಮ್ಯಾಗಝಿನ್ ಒಂದು ತೋಟಾವನ್ನು ಅಡಗಿಸಿಟ್ಟುಕೊಳ್ಳಬಲ್ಲದು, ಕಣ್ಣನ್ನು ಮಾತ್ರ ನಂಬದೆ ಬೆರಳು ಹಾಕಿ ನೋಡಿ. ಆಮೇಲೆ ಬೋಲ್ಟ್ ಬಿಚ್ಚಿ, ಬರಿಯ ಬೋಲ್ಟನ್ನು ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಝರಿನಲ್ಲಿಡಿ. ಬೆಳಗ್ಗೆ ಕಿವಿಯ ಹತ್ತಿರ ಹಿಡಿದು ಅಲುಗಿಸಿ. ಆರೋಗ್ಯವಂತ ಬೋಲ್ಟಿನಲ್ಲಿ ಪಿನ್ ಕಟಕಟ ಎನ್ನುತ್ತದೆ. ಹಳೆಯ ತಿರುಪುಗಳ ತಲೆಯನ್ನು ಮನೆಯ ಸ್ಕ್ರೂಡ್ರೈವರ್ ಹಾಳುಮಾಡುತ್ತದೆ. ಕೋವಿಯ ತಿರುಪಿಗೆಂದೇ ಮಾಡಿದ ಸಮಾನಾಂತರ ಅಂಚಿನದ್ದನ್ನು ಬಳಸಿ. ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಕೋವಿ ರಿಪೇರಿಯವರಲ್ಲಿಗೆ ಒಯ್ಯಿರಿ, ಅದರಲ್ಲಿ ನಾಚಿಕೆಯಿಲ್ಲ.

ಇಷ್ಟರಿಂದಲೂ ಸರಿಹೋಗದಿದ್ದರೆ ಕುದುರೆಯನ್ನು ತಳ್ಳುವ ಮುಖ್ಯ ಸ್ಪ್ರಿಂಗ್ ನೋಡೋಣ. ಟ್ರಿಗರ್ ಹಗುರವಾಗಲೆಂದು ಅದನ್ನು ತೆಳುಗೊಳಿಸಿದವರು ಇದ್ದಾರೆ.

ನಿಪಿಗನ್ ಹುಟ್ಟು

ಕೋವಿಯ ಒಳಗಿನದ್ದನ್ನು ಹಿರಿಯರು ಹೇಳಿದ್ದಾರೆ. ನಾನು ದೋಣಿಯವನು, ದೋಣಿಯ ಮಾತು ಹೇಳುತ್ತೇನೆ, ಏಕೆಂದರೆ ‘ಕ್ಯಾನೂವಿನ ತಳದಲ್ಲಿ’ ಎಂದು ಓದಿದಾಗಲೇ ಎದೆ ಧಸಕ್ಕೆಂದಿತು.

ಪ್ರತಿ ಸಲ ಹುಟ್ಟನ್ನು ಈಚೆಯಿಂದ ಆಚೆಗೆ ದಾಟಿಸುವಾಗ ಹನಿ ಬೀಳುತ್ತದೆ. ಒಂದು ಗಂಟೆಯಲ್ಲಿ ತಳದಲ್ಲಿ ಬೆರಳಿನಷ್ಟು ನೀರು. ಕೋವಿ ಅದರಲ್ಲಿ ಮಲಗಬಾರದು. ಮುಂದೆ ಕುಳಿತವರ ಬಲಕ್ಕೆ, ಅಡ್ಡ ಪಟ್ಟಿಯ ಮೇಲೆ ಒರಗಿಸಿ, ನಳಿಗೆ ಮುಂದಕ್ಕೆ ಇರುವಂತೆ ತೇಲುವ ಚೀಲದಲ್ಲಿಡಿ. ಮಗುಚಿದರೆ ಕೋವಿ ತೇಲಬೇಕು. ನಿಮ್ಮ ಕೈ ದೋಣಿ ಹಿಡಿಯಲು ಬೇಕು. ನೀರಿಗೆ ಬಿದ್ದ ಕೋವಿಯ ನಳಿಗೆಯಲ್ಲಿ ನೀರು ಅಥವಾ ಕೆಸರು ಇಲ್ಲವೆಂದು ಬೋಲ್ಟ್ ತೆರೆದು ನೋಡದೆ ಹಾರಿಸಿದರೆ ನಳಿಗೆ ಸೀಳಬಹುದು.

ದಡಕ್ಕೆ ಇಳಿದು ಕುಳಿತದ್ದು ಬಹಳ ಒಳ್ಳೆಯದು. ಕ್ಯಾನೂವಿನಿಂದ ಅಡ್ಡಕ್ಕೆ ಹೊಡೆದರೆ ಕೋವಿಯ ಒದೆತಕ್ಕೆ ದೋಣಿ ವಾಲುತ್ತದೆ. ಅಕ್ಟೋಬರಿನ ನೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಬೆರಳುಗಳು ಮಾತು ಕೇಳುವುದಿಲ್ಲ. ನಮ್ಮ ಗುಂಪಿನಲ್ಲಿ ಕಾಲು ನೆಲಕ್ಕೆ ತಾಗುವವರೆಗೆ ತೋಟಾ ಹಾಕುವುದೇ ಇಲ್ಲ. ಮೋಟಾರು ದೋಣಿಯಲ್ಲಿ ತುಂಬಿದ ಕೋವಿ ಇಟ್ಟುಕೊಳ್ಳುವುದನ್ನು ಒಂಟಾರಿಯೊದ ಕಾನೂನೇ ನಿಷೇಧಿಸಿದೆ; ಈಜುತ್ತಿರುವ ಮೂಸ್‌ಗೆ ಹೊಡೆಯುವಂತಿಲ್ಲ.

ಮತ್ತೆ ಆ ಗಂಡು ನೀರಿನಲ್ಲಿ ನಿಂತಿದ್ದರೆ ಕಾಯಿರಿ. ನಾಲ್ಕೈದು ಕ್ವಿಂಟಲ್ ತೂಗುವ ಪ್ರಾಣಿ ಸೊಂಟದಾಳದ ನೀರಿನಲ್ಲಿ ಬಿದ್ದರೆ ಇಬ್ಬರಿಂದ ಎಳೆಯಲಾಗದು, ಮಾಂಸ ಕೆಡುತ್ತದೆ. ಕೊಂದ ಮೇಲೆ ಕೆಡಿಸುವುದನ್ನು ನಾನು ಪಾಪವೆಂದೇ ತಿಳಿಯುತ್ತೇನೆ. ಒಂದು ಹಿಂದೊಡೆಯೇ ಐವತ್ತು ಕಿಲೋ ದಾಟುತ್ತದೆ. 16 ಅಡಿಯ ಕ್ಯಾನೂವಿನಲ್ಲಿ ಒಂದೇ ಸಲಕ್ಕೆ ಎಲ್ಲವನ್ನೂ ಹೇರುವ ಆಸೆ ಬೇಡ. ದೋಣಿಯ ಅಂಚು ನೀರಿನಿಂದ ಒಂದು ಗೇಣಿನಷ್ಟಾದರೂ ಮೇಲಿರಲಿ, ನಾಲ್ಕು ಸಲ ಓಡಾಡಿ.

ವಿನ್ನಿಪೆಗ್ ಮಲೆನಾಡಿಗ

ನನ್ನ ಊಹೆ ತಪ್ಪಾಗಿತ್ತು, ಗುಳಿಯ ವಿಷಯ ಹೊಳೆದಿರಲಿಲ್ಲ. ಒಂದು ಸಂದೇಹ: ಮೂಸ್‌ಗೆ .30-30 ಸಾಕೇ? ಚೂಪು ಮೂತಿಯ ಗುಂಡು ಹಾಕಿದರೆ ದೂರಕ್ಕೆ ಹೋಗುವುದಿಲ್ಲವೇ?

ಸಡ್ಬರಿ ಹಳೆಕೋವಿ

ಚೂಪು ಗುಂಡು ಬೇಡವೇ ಬೇಡ ತಮ್ಮಾ. ಕೊಳವೆ ಮ್ಯಾಗಝಿನ್‌ನಲ್ಲಿ ಒಂದು ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರಿಗೆ ಒರಗಿರುತ್ತದೆ. ಒದೆತಕ್ಕೆ ಚೂಪು ಮೂತಿ ಅದನ್ನು ಚುಚ್ಚಿದರೆ ಕೊಳವೆಯೇ ಸಿಡಿಯುತ್ತದೆ. ಚಪ್ಪಟೆ ಮೂತಿಯದು ಅಥವಾ ಲೀವರ್ ಕೋವಿಗೆಂದೇ ಮಾಡಿದ ಮೆತ್ತನೆ ತುದಿಯದು ಮಾತ್ರ.

ಸಾಕೇ ಎಂದರೆ, 1895ರಿಂದ ಈ ತೋಟಾ ಉತ್ತರದ ಕಾಡಿನಲ್ಲಿ ಮೂಸ್ ಉರುಳಿಸುತ್ತಿದೆ. 170 ಗ್ರೇನ್ (ಸುಮಾರು 11 ಗ್ರಾಂ) ಗುಂಡು, ನೂರು ಮೀಟರಿನ ಒಳಗೆ, ಅಡ್ಡವಾಗಿ ನಿಂತಾಗ ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ. ಏಟು ಬಿದ್ದ ಮೇಲೂ ಮೂಸ್ ಏನೂ ಆಗದಂತೆ ನಿಂತಿರುವುದುಂಟು. ತಪ್ಪಿತೆಂದು ತಿಳಿಯಬೇಡಿ, ನಿಂತಿದ್ದರೆ ಇನ್ನೊಂದು ಹೊಡೆಯಿರಿ. ಇನ್ನೂರು ಮೀಟರಿನ ಆಸೆ ಇದ್ದವರು ಬೇರೆ ಕೋವಿ ಕೊಳ್ಳಲಿ. ಕಹಳೆಯಿಂದ ಅರವತ್ತು ಮೀಟರಿಗೆ ಕರೆಯುವವರು ಜೊತೆಗಿದ್ದರೆ ಇದಕ್ಕಿಂತ ಹಗುರವಾದ, ಕ್ಯಾನೂವಿಗೆ ಒಪ್ಪುವ ಕೋವಿ ನನಗೆ ಗೊತ್ತಿಲ್ಲ.

ಕೊಡಗಿನ ಕೋವಿ

ಪರೀಕ್ಷೆ ಮುಗಿಯಿತು. ನೆರೆಮನೆಯ ಹಿರಿಯರ ಕೈಯಿಂದ ಬೋಲ್ಟ್ ಬಿಚ್ಚಿಸಿ, ಹೇಳಿದಂತೆ ಒಂದು ರಾತ್ರಿ ಫ್ರೀಝರಿನಲ್ಲಿಟ್ಟೆ. ಬೆಳಗ್ಗೆ ಅಲುಗಿಸಿದರೆ ಸದ್ದೇ ಇಲ್ಲ. ಪಿನ್ನನ್ನು ಹಿಂದಿನಿಂದ ಹೆಬ್ಬೆರಳಿನಲ್ಲಿ ಒತ್ತಿದರೆ ಹಸಿ ಮಣ್ಣಿಗೆ ಕಡ್ಡಿ ಚುಚ್ಚಿದಂತೆ ನಿಧಾನವಾಗಿ ಸರಿಯಿತು. ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಕುಳಿತೆ. ಬೆಚ್ಚಗಾದಂತೆ ಮೊದಲು ಮಂದವಾಗಿ, ಆಮೇಲೆ ಸ್ಪಷ್ಟವಾಗಿ ಕಟಕಟ ಎಂದಿತು. ಆ ಕ್ಷಣದಲ್ಲಿ ನನಗಾದ ಸಮಾಧಾನವನ್ನು ಹೇಳಲಾರೆ. ಕೋವಿಯದೂ ತಪ್ಪಿಲ್ಲ, ತೋಟಾದ್ದೂ ತಪ್ಪಿಲ್ಲ.

ಪಿನ್ ತೆಗೆದಾಗ ಒಳಗಿನಿಂದ ಬಂದದ್ದು ಎಣ್ಣೆಯಲ್ಲ, ಜೋನಿಬೆಲ್ಲದಂತಹ ಕಂದು ಅಂಟು. ಅದರಲ್ಲಿ ಹಿತ್ತಾಳೆಯ ಸಣ್ಣ ಚೂರುಗಳೂ ಸಿಕ್ಕಿದ್ದವು. ಮನೆಯ ಹೊರಗೆ ಕುಳಿತು ಮಿನರಲ್ ಸ್ಪಿರಿಟ್ಸ್‌ನಲ್ಲಿ ನೆನೆಸಿ, ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಒರೆಸಿದೆವು. ಸ್ಟ್ರೈಕರಿನ ಗೂಡಿನಲ್ಲೂ ಅದೇ ಕಥೆ. ಈಗ ಪಿನ್ನಿನ ರಂಧ್ರ ಪೂರ್ತಿ ಒಣ. ಹೊರಮೈಗೆ ಮಾತ್ರ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒಂದು ಸವರು.

ಮತ್ತೆ ಒಂದು ರಾತ್ರಿ ಫ್ರೀಝರ್: ಕಟಕಟ. ಆಮೇಲೆ ಕೋವಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಿಸಿಯಿಲ್ಲದ ಗ್ಯಾರೇಜಿನಲ್ಲಿಟ್ಟು, ಮೈನಸ್ 8ರ ಬೆಳಗ್ಗೆ ನೇರವಾಗಿ ಅಭ್ಯಾಸದ ಮೈದಾನಕ್ಕೆ ಒಯ್ದೆ. ಹನ್ನೆರಡು ತೋಟಾ, ಹನ್ನೆರಡೂ ಹಾರಿದವು.

ಒಂದೇ ಪ್ರಶ್ನೆ ಉಳಿದಿದೆ. ರಾತ್ರಿ ಗುಡಾರದೊಳಗೆ ತರಬಾರದೆಂದರೆ ಎಲ್ಲಿಡಲಿ?

ನಿಪಿಗನ್ ಹುಟ್ಟು

ತೋಟಾ ಪೂರ್ತಿ ತೆಗೆದು, ಚೀಲದಲ್ಲಿ ಹಾಕಿ, ಗುಡಾರದ ಬಾಗಿಲ ಮುಂದಿನ ಮಾಡಿನ ಕೆಳಗೆ ಇಡಿ. ಅಲ್ಲಿ ಒಲೆಯ ಬಿಸಿ ಬರುವುದಿಲ್ಲ, ಮಳೆ ತಾಗುವುದಿಲ್ಲ, ಕೈಗೆ ಎಟುಕುತ್ತದೆ. ಒಂದು ಸಲ ತಣ್ಣಗಾದ ಕೋವಿ ಮನೆ ತಲುಪುವವರೆಗೂ ತಣ್ಣಗೇ ಇರಲಿ. ಒಳಗೆ ತರಲೇಬೇಕಾದರೆ ಚೀಲದ ಬಾಯಿ ಮುಚ್ಚಿಯೇ ತಂದು, ಪೂರ್ತಿ ಬೆಚ್ಚಗಾದ ಮೇಲೆ ತೆರೆಯಿರಿ. ಆಗ ಬೆವರು ಚೀಲದ ಹೊರಗೆ ಕೂರುತ್ತದೆ.

ಕೊಡಗಿನ ಕೋವಿ

ಹೋಗಿ ಬಂದೆವು. ಐದು ಬೆಳಗ್ಗೆ ಅದೇ ಕೊಲ್ಲಿಯಲ್ಲಿ ಕುಳಿತೆವು. ಗಂಡು ಬರಲಿಲ್ಲ. ನಾಲ್ಕನೆಯ ದಿನ ಹೆಣ್ಣೊಂದು ಮರಿಯೊಂದಿಗೆ ನಲವತ್ತು ಮೀಟರ್ ಹತ್ತಿರಕ್ಕೆ ಬಂದು ನೀರು ಕುಡಿದು ಹೋಯಿತು. ನಮ್ಮ ಟ್ಯಾಗ್ (ಬೇಟೆಯ ಅನುಮತಿ ಚೀಟಿ) ಗಂಡಿನದು. ಕೋವಿ ಪ್ರತಿ ರಾತ್ರಿ ಮಾಡಿನ ಕೆಳಗೆ ಇತ್ತು. ಹೊರಡುವ ಬೆಳಗ್ಗೆ ಮೈನಸ್ 11. ಗುಡಾರ ಮಡಿಸುವ ಮೊದಲು ದಿಬ್ಬಕ್ಕೆ ಒಂದು ತೋಟಾ ಹೊಡೆದು ನೋಡಿದೆ. ಹಾರಿತು. ಆ ಪ್ರೈಮರಿನ ಗುಳಿಯ ಚಿತ್ರವನ್ನೂ, ಪಕ್ಕದಲ್ಲಿ ಮೊದಲಿನ ಎರಡರ ಚಿತ್ರವನ್ನೂ ಹಾಕಿದ್ದೇನೆ. ಹಾರದ ಆ ಎರಡು ತೋಟಾಗಳನ್ನು ಅಭ್ಯಾಸದ ಮೈದಾನದವರು ಇಂಥವಕ್ಕೆಂದೇ ಇಟ್ಟ ಪೆಟ್ಟಿಗೆಗೆ ಒಪ್ಪಿಸಿದ್ದೇನೆ.