ಗುಜರಿಯಲ್ಲಿ ಸಿಕ್ಕ ಪೆಟ್ಟಿಗೆ, ಏನಿದು?

ಹಾಸನದಿಂದ: ಗುಜರಿ ಅಂಗಡಿಯಲ್ಲಿ ಹಳೇ ಕಬ್ಬಿಣದ ಪೆಟ್ಟಿಗೆ ಸಿಕ್ಕಿತು. ಒಳಗೆ ಹಳೇ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವ್‌ಗಳಿವೆ. ಮುಂದೆ ಸಾಲಾಗಿ 400, 560, 730, 960 ಅಂತ ಬರೆದಿದೆ. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ್ದೇನೆ, ಇಂಥದ್ದು ನೋಡಿರಲಿಲ್ಲ.

ಉತ್ತರ: ಸರ್, ಆ ಅಂಕಿಗಳು ಹಳೇ ಎಫ್‌ಎಂ ಟೆಲಿಮೆಟ್ರಿ (ದೂರದ ಅಳತೆಗಳನ್ನು ರೇಡಿಯೋದಲ್ಲಿ ಕಳಿಸುವ ವಿಧಾನ) ಚಾನೆಲ್‌ಗಳು, ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ) ಲೆಕ್ಕದಲ್ಲಿ. ಉರಿಯುವ ರಾಕೆಟ್ ಪಕ್ಕ ಮನುಷ್ಯ ನಿಲ್ಲಲು ಆಗುವುದಿಲ್ಲ ಅಲ್ವಾ? ಅಲ್ಲಿನ ಒಂದೊಂದು ಸೆನ್ಸರ್‌ಗೂ ಒಂದೊಂದು ಸ್ವರ. ಒತ್ತಡ ಏರಿಳಿದಂತೆ 400ರ ಸ್ವರ 370ರಿಂದ 430ರವರೆಗೆ ಸರಿಯುತ್ತದೆ. ಎಲ್ಲ ಬೆರೆಸಿ ಒಂದೇ ಟ್ರಾನ್ಸ್‌ಮಿಟರ್‌ನಲ್ಲಿ ಕಳಿಸುತ್ತಿದ್ದರು. ನಿಮ್ಮದು ಅವನ್ನು ಬೇರ್ಪಡಿಸುವ ಪೆಟ್ಟಿಗೆ ಇರಬೇಕು.

ಚಿಕ್ಕಮಗಳೂರಿನಿಂದ: ದಯವಿಟ್ಟು ಪೆಟ್ಟಿಗೆಗೆ ನೇರವಾಗಿ ಮನೆಯ ಕರೆಂಟ್ ಕೊಡಬೇಡಿ. ಹಳೇ ಕೆಪಾಸಿಟರ್ ಸಿಡಿಯಬಹುದು. ಕರೆಂಟ್ ಮಿತಿಯಲ್ಲಿರಲು ಸೀರೀಸ್‌ನಲ್ಲಿ ಬಲ್ಬ್ ಹಾಕಿ.

ಹಾಸನದಿಂದ: ಹಾಗೇ ಮಾಡಿದೆ. 400ರ ಚಾನೆಲ್‌ಗೆ ಆಡಿಯೋ ಜನರೇಟರ್ (ಬೇಕಾದ ಸ್ವರ ಹುಟ್ಟಿಸುವ ಉಪಕರಣ) ಜೋಡಿಸಿ ಮೆಲ್ಲಗೆ 430ಕ್ಕೆ ತಿರುಗಿಸಿದೆ. ಮೀಟರಿನ ಮುಳ್ಳು ಬಲಕ್ಕೆ ಸರಿದು ನಿಂತಿತು! ಖುಷಿಗೆ ಕೈ ನಡುಗಿತು.