ಕ್ರೈಸ್ತ ಧ್ಯಾನ ಸಮುದಾಯ ಕಟ್ಟಿದವರು ಯಾರು?

ಪ್ರಶ್ನೆ: ವರ್ಲ್ಡ್ ಕಮ್ಯುನಿಟಿ ಫಾರ್ ಕ್ರಿಶ್ಚಿಯನ್ ಮೆಡಿಟೇಶನ್ ಹಿಂದೆ ಯಾರಿದ್ದಾರೆ? ಅವರ ಧ್ಯಾನಕ್ರಮ ಹೇಗೆ?

ಉತ್ತರ 1: ಬೇರು ಜಾನ್ ಮೇನ್ ಅವರದು. ಬೆನೆಡಿಕ್ಟೈನ್ (ಒಂದು ಕ್ಯಾಥೊಲಿಕ್ ಸನ್ಯಾಸಿ ಪಂಥ) ಸನ್ಯಾಸಿಯಾಗುವ ಮೊದಲೇ, 1950ರ ದಶಕದಲ್ಲಿ, ಮಲಯಾದ (ಇಂದಿನ ಮಲೇಷ್ಯಾ) ಸ್ವಾಮಿ ಸತ್ಯಾನಂದರಿಂದ ಮಂತ್ರಧ್ಯಾನ ಕಲಿತಿದ್ದರು. 1975ರಲ್ಲಿ ಲಂಡನ್ನಿನ ಈಲಿಂಗ್ ಮಠದಲ್ಲಿ ಮೊದಲ ಗುಂಪು ಶುರುವಾಯಿತು. ಮೇನ್ 1982ರಲ್ಲಿ ತೀರಿಕೊಂಡರು.

ಉತ್ತರ 2: ಸಂಸ್ಥೆ ರೂಪುಗೊಂಡದ್ದು 1991ರಲ್ಲಿ; ಮುನ್ನಡೆಸಿದವರು ಮೇನ್ ಅವರ ಶಿಷ್ಯ ಲಾರೆನ್ಸ್ ಫ್ರೀಮನ್. ಜಾನ್ ಮೇನ್ ಹೆಸರಿನ ವಾರ್ಷಿಕ ಸೆಮಿನಾರಿನಲ್ಲಿ ಆ ವರ್ಷದ ಉಪನ್ಯಾಸ ತಮಿಳುನಾಡಿನ ಶಾಂತಿವನ ಆಶ್ರಮದ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಅವರದು. ಭಾರತದೊಂದಿಗಿನ ಈ ನಂಟು ಮರೆಯಬಾರದು.

ಉತ್ತರ 3: ಬೆನ್ನು ನೆಟ್ಟಗೆ, ಕಣ್ಣು ಹಗುರವಾಗಿ ಮುಚ್ಚಿ, ‘ಮಾ-ರಾ-ನಾ-ಥಾ’ (‘ಪ್ರಭುವೇ ಬಾ’ ಎಂಬ ಅರ್ಥದ ಅರಾಮಿಕ್ ಪದ) ಎಂದು ನಾಲ್ಕೂ ಅಕ್ಷರ ಸಮತೂಕದಲ್ಲಿ, ಮನಸ್ಸಿನಲ್ಲೇ ಜಪಿಸಿ. ಬೆಳಿಗ್ಗೆ, ಸಂಜೆ 20ರಿಂದ 30 ನಿಮಿಷ. ಅರ್ಥ ಚಿಂತಿಸಬೇಡಿ. ಹಲವರು ತಪ್ಪುವುದು ಇಲ್ಲೇ: ಮನಸ್ಸು ಶಾಂತವಾಯಿತೆಂದು ಜಪ ನಿಲ್ಲಿಸುತ್ತಾರೆ, ಮರುಕ್ಷಣ ಆ ಶಾಂತಿಯನ್ನೇ ಗಮನಿಸುತ್ತ ಕೂರುತ್ತಾರೆ. ಕೊನೆಯವರೆಗೂ ಜಪಿಸಿ, ತಪ್ಪಿದರೆ ಮೆಲ್ಲಗೆ ಮತ್ತೆ ಹಿಡಿಯಿರಿ.